ಹೂಳೆತ್ತಿ, ಆದ್ರೆ ಕೆರೆ ಹಿನ್ನೀರು ಕಡೆ ಜೆಸಿಬಿ ಇಳಿಸ್ಬೇಡಿ: ಚಿಂತಾಮಣಿ ಕಡೆಯಿಂದ ನನ್ನ ಅನುಭವ

ಕೆರೆ ಹೂಳೆತ್ತೋದು ಒಳ್ಳೇ ಕೆಲ್ಸ, ಅದ್ರಲ್ಲಿ ಎರಡು ಮಾತಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಸಾವಿರ ಅಡಿ ದಾಟಿ ಬೋರ್ ಕೊರೆಸಿ ಬರೀ ಧೂಳು ನೋಡಿದೋರಿಗೆ ಕೆರೇಲಿ ನೀರು ನಿಂತ್ರೆ ಏನು ಲಾಭ ಅಂತ ಯಾರೂ ಹೇಳ್ಕೊಡ್ಬೇಕಿಲ್ಲ. ಆದ್ರೆ ಹೂಳು ಎಲ್ಲಿ ತೆಗೀಬೇಕು, ಎಲ್ಲಿ ಮುಟ್ಟಬಾರ್ದು ಅನ್ನೋ ಮಾತು ಮಾತ್ರ ಯಾವ ಮೀಟಿಂಗಲ್ಲೂ ಬರಲ್ಲ. ಇಡೀ ಕೆರೇನ ಒಂದೇ ಆಳಕ್ಕೆ ತೋಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಪಾತ್ ಹಾಕಿ ಅಭಿವೃದ್ಧಿ ಆಯ್ತು ಅಂತಾರೆ, ಮುಂದಿನ ಚಳಿಗಾಲ ಹೋಗಿ ನೋಡಿದ್ರೆ ಅಲ್ಲಿ ಈಜೋ ಹಕ್ಕಿ, ಮುಳುಗೋ ಹಕ್ಕಿ ನಾಲ್ಕು ಬಿಟ್ರೆ ಕೆಸರಲ್ಲಿ ನಡೆದು ಮೇಯೋ ಹಕ್ಕಿ ಒಂದೂ ಇರಲ್ಲ. ನಮ್ಮೂರ ಕೆರೇಲಿ ಇದು ಆಗದ ಹಾಗೆ ನಾವು ಏನು ಮಾಡಿದ್ವಿ ಅಂತ ಬರೀತಿದೀನಿ, ಬೇರೆ ಊರಿನೋರಿಗೂ ಕೆಲ್ಸಕ್ಕೆ ಬರ್ಲಿ ಅಂತ.

ನಂದು ಚಿಂತಾಮಣಿ ತಾಲ್ಲೂಕಿನ ಒಂದು ಹೋಬಳೀಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಹಕ್ಕಿ ನೋಡೋದು ಬಹಳ ವರ್ಷದಿಂದ ಇದೆ, ಬೆಳಿಗ್ಗೆ ಅಂಗಡಿ ಬಾಗ್ಲು ತೆಗೆಯೋಕೆ ಮುಂಚೆ ಬೈನಾಕ್ಯುಲರ್ ಹಿಡ್ಕೊಂಡು ಕೆರೆ ಸುತ್ತಿ ಬರೋದು. ಅಂಗಡಿ ಇರೋದ್ರಿಂದ ಒಂದು ಅನುಕೂಲ, ಸುತ್ತಮುತ್ತ ಊರಿನ ಟ್ರ್ಯಾಕ್ಟರ್ ಇರೋರು, ರೇಷ್ಮೆ ಸೊಪ್ಪಿನ ತೋಟದೋರು, ಕುರಿ ಮೇಯಿಸೋರು ಎಲ್ಲಾ ಬಂದು ಕೂರ್ತಾರೆ, ಕೆರೆ ವಿಷ್ಯ ಮಾತಾಡೋಕೆ ಬೇರೆ ಸಭೆ ಕರೀಬೇಕಾಗಿಲ್ಲ.

ಮೊದ್ಲು ಕೆರೆ ಹೇಗಿರುತ್ತೆ ಅಂತ ಹೇಳ್ಬಿಡ್ತೀನಿ. ನಮ್ಮ ಹಳೇ ಕೆರೆಗಳೆಲ್ಲಾ ಒಂದು ಕಡೆ ಓರೆ ಮಾಡಿಟ್ಟ ತಟ್ಟೆ ಇದ್ದಂಗೆ, ಏರಿ ಹತ್ರ ಆಳ, ಹಳ್ಳ ಬಂದು ಸೇರೋ ಕಡೆ ತೆಳ್ಳಗೆ. ಆ ತೆಳು ಭಾಗಾನೇ ನಾವು ಹಿನ್ನೀರು ಅನ್ನೋದು. ಮಳೆಗಾಲ ಮುಗಿದು ಅಕ್ಟೋಬರ್, ನವೆಂಬರ್ ದಾಟಿದ್ಮೇಲೆ ನೀರು ದಿನಾ ಒಂದಿಷ್ಟು ಹಿಂದೆ ಸರೀತಾ ಹೋಗುತ್ತೆ, ಹಿಂದೆ ನೀರು ಬಿಡೋ ಕೆಲ್ಸದ ನೀರಗಂಟಿ ತೂಬು ಎತ್ತಿ ಅಚ್ಚುಕಟ್ಟಿಗೆ, ಅಂದ್ರೆ ಕೆರೆ ನೀರು ಹಾಯೋ ಜಮೀನಿಗೆ, ನೀರು ಬಿಡ್ತಿದ್ದಾಗ ಇನ್ನೂ ಬೇಗ ಸರೀತಿತ್ತು, ಹಾಗೆ ಸರಿದ ಜಾಗದಲ್ಲಿ ಹಸಿ ಕೆಸರು ಮೇಲೆ ಬರುತ್ತೆ. ಉತ್ತರದ ಕಡೆಯಿಂದ ವಲಸೆ ಹಕ್ಕಿ ಇಲ್ಲಿರೋದೂ ಸೆಪ್ಟೆಂಬರಿಂದ ಮಾರ್ಚ್, ಏಪ್ರಿಲ್ ತನಕ, ಅಂದ್ರೆ ಸರಿಯಾಗಿ ಅದೇ ಟೈಮು. ಲಿಟಲ್ ಸ್ಟಿಂಟ್ ಅಂತ ಒಂದು ಹಕ್ಕಿ ಇದೆ, ಗುಬ್ಬಚ್ಚಿ ಗಾತ್ರ, ಮೂವತ್ತು ಗ್ರಾಮೂ ತೂಗಲ್ಲ, ಅದು ಮರಿ ಮಾಡೋದು ಆರ್ಕ್ಟಿಕ್ ಹತ್ರ. ಅಲ್ಲಿಂದ ಹಾರ್ಕೊಂಡು ಬಂದು ನಮ್ಮೂರ ಕೆರೆ ಅಂಚಲ್ಲಿ ಓಡಾಡುತ್ತೆ. ಅದ್ರ ಕಾಲು ನೋಡಿದ್ರೆ ಗೊತ್ತಾಗುತ್ತೆ, ನೀರು ಎರಡು ಬೆರಳು ಜಾಸ್ತಿ ಆದ್ರೂ ಅದಕ್ಕೆ ನಿಂತು ಮೇಯೋಕೆ ಆಗಲ್ಲ. ಮೆಟ್ಟುಗಾಲು ಹಕ್ಕಿ ಸ್ವಲ್ಪ ಆಳಕ್ಕೆ ಹೋಗುತ್ತೆ, ಬಣ್ಣದ ಕೊಕ್ಕರೆ ಇನ್ನೂ ಸ್ವಲ್ಪ ಆಳಕ್ಕೆ. ಕೆರೇನ ನೇರ ಗೋಡೆ ತರ ಎಂಟು ಹತ್ತು ಅಡಿ ತೋಡಿಬಿಟ್ರೆ ಇವ್ಯಾವಕ್ಕೂ ಜಾಗ ಇಲ್ಲ.

ಇದು ನಮ್ಮ ಒಳನಾಡಿನ ಕೆರೆ ಕಥೆ ಮಾತ್ರ ಅಲ್ಲ ಅಂತ ನಂಗೆ ಪೂರ್ತಿ ಅರ್ಥ ಆಗಿದ್ದು ಪುಲಿಕಾಟ್ ನೋಡಿದ್ಮೇಲೆ. ಮನೆಯೋರ ಜೊತೆ ತಿರುಪತಿಗೆ ಹೋದಾಗ ದರ್ಶನ ಮುಗಿಸ್ಕೊಂಡು ಸೂಳೂರುಪೇಟೆಗೆ ಹೋಗ್ತೀವಿ, ಅಲ್ಲಿಂದ ಶ್ರೀಹರಿಕೋಟಾಗೆ ಹೋಗೋ ರಸ್ತೆ ಪುಲಿಕಾಟ್ ಸರೋವರದ ಮಧ್ಯದಲ್ಲೇ ಹಾದು ಹೋಗುತ್ತೆ, ಎರಡೂ ಕಡೆ ನೀರು. ಚಿಲಿಕಾ ಬಿಟ್ರೆ ದೇಶದಲ್ಲೇ ಎರಡನೇ ದೊಡ್ಡ ಉಪ್ಪುನೀರಿನ ಸರೋವರ ಅದು. ಅಲ್ಲಿ ರಾಜಹಂಸ ನೋಡೋಕೆ ಜನ ಬರ್ತಾರೆ, ನೋಡ್ಲೇಬೇಕಾದ್ದೇ, ಆದ್ರೆ ನಾನು ಕಾರ್ ನಿಲ್ಸಿ ಜಾಸ್ತಿ ಹೊತ್ತು ನೋಡೋದು ರಸ್ತೆ ಪಕ್ಕದ ತೆಳು ನೀರಲ್ಲಿ ಗುಂಪು ಗುಂಪಾಗಿ ಮೇಯೋ ಸಣ್ಣ ಹಕ್ಕಿಗಳನ್ನ. ಬ್ಲ್ಯಾಕ್ ಟೇಲ್ಡ್ ಗಾಡ್ವಿಟ್ ಒಂದು ಕೆಸರಿಗೆ ಕೊಕ್ಕು ಚುಚ್ಚೋದನ್ನ ಟೆಲಿಸ್ಕೋಪಲ್ಲಿ ಹತ್ತಿರದಿಂದ ನೋಡ್ದೆ. ಆ ಉದ್ದ ಕೊಕ್ಕು ಬುಡದ ತನಕ ಇಳಿಯುತ್ತೆ, ಕಣ್ಣು ನೀರಿಗೆ ತಾಗೋ ಹಾಗೆ ತಲೆ ಒಳಗೆ ಹೋಗುತ್ತೆ, ಒಂದು ಕ್ಷಣ ಹಾಗೇ ನಿಂತು ಆಮೇಲೆ ಕೊಕ್ಕಿನ ತುದಿ ಮಾತ್ರ ಒಳಗೇ ತೆರೆದು ಹುಳ ಹಿಡ್ಕೊಂಡು ಎಳೆಯುತ್ತೆ. ಇದೇ ಗಾಡ್ವಿಟ್ ಕೆಲವು ವರ್ಷ ನಮ್ಮ ಕೆರೆಗೂ ಬರುತ್ತೆ.

ಹಕ್ಕಿ ಪಾಲಿಗೆ ಕಡಲತೀರದ ಕೆಸರು ಬೇರೆ, ಚಿಂತಾಮಣಿ ಕೆರೆ ಕೆಸರು ಬೇರೆ ಅಂತ ಇಲ್ಲ, ಎರಡೂ ಒಂದೇ ದಾರೀಲಿ ಬರೋ ಊಟದ ಜಾಗ. ಆ ದಾರಿಗೆ ಸೆಂಟ್ರಲ್ ಏಷ್ಯನ್ ಫ್ಲೈವೇ ಅಂತಾರೆ, ಮೂವತ್ತು ದೇಶದ ಮೇಲೆ ಹಾದು ಬರುತ್ತೆ. ಕಡಲ ಕಡೆ ಸಿಗಡಿ ಕೊಳ, ಬಂದರು, ರಸ್ತೆ ಅಂತ ಜಾಗ ಕಮ್ಮಿ ಆಗ್ತಿದೆ. 2024ರಲ್ಲಿ ಕೆಂಪು ಪಟ್ಟೀಲಿ, ಅಂದ್ರೆ ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳೋ ಜಾಗತಿಕ ಪಟ್ಟೀಲಿ, ಒಂದೇ ಸಲಕ್ಕೆ ಹದಿನಾರು ಜಾತಿ ದಡದ ಹಕ್ಕಿಗಳನ್ನ ಹೆಚ್ಚು ಅಪಾಯದ ವರ್ಗಕ್ಕೆ ಹಾಕಿದ್ರು, ಅದ್ರಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್, ಗ್ರೇ ಪ್ಲವರ್ ಇವೆ, ಎರಡೂ ನಮ್ಮ ದೇಶದ ಕಡಲತೀರಕ್ಕೆ ಪ್ರತಿ ಚಳಿಗಾಲ ಬರೋ ಹಕ್ಕಿಗಳೇ. ರಿವರ್ ಟರ್ನ್ ಅನ್ನೋ ನೀರ ಹಕ್ಕಿ ಅಂತೂ ನಮ್ಮಲ್ಲೇ ಹುಟ್ಟಿ ಬೆಳೆಯೋದು, ಅದೂ 2020ರಿಂದ ಅಪಾಯದ ಪಟ್ಟೀಲಿದೆ. ಇಷ್ಟೆಲ್ಲಾ ಆಗ್ತಿರುವಾಗ ಒಳನಾಡಲ್ಲಿ ಉಳಿದಿರೋ ಕೆಸರಂಚನ್ನೂ ನಾವೇ ಕೈಯಾರೆ ತೋಡಿ ಹಾಕೋದು ನಂಗೆ ಸಹಿಸೋಕೆ ಆಗ್ಲಿಲ್ಲ.

ಕಾನೂನು ಏನಾದ್ರೂ ಸಹಾಯಕ್ಕೆ ಬರುತ್ತಾ ಅಂತ ಮೊದ್ಲು ನೋಡಿದ್ವಿ. 2017ರ ಜೌಗು ಪ್ರದೇಶ ನಿಯಮಗಳಲ್ಲಿ ನೀರಾವರಿಗೆ, ಕುಡಿಯೋ ನೀರಿಗೆ ಅಂತ ಜನ ಕಟ್ಟಿರೋ ಕೆರೆಗಳನ್ನ ಹೊರಗಿಟ್ಟಿದಾರೆ, ಅಂದ್ರೆ ನಮ್ಮ ಕಡೆ ಹೆಚ್ಚುಕಮ್ಮಿ ಎಲ್ಲಾ ಕೆರೇನೂ ಹೊರಗೆ. ಹಾಗಂತ ಜನ ಕಟ್ಟಿದ ಕೆರೆಗೆ ಬೆಲೆ ಇಲ್ಲ ಅಂತಲ್ಲ, 2024ರಲ್ಲಿ ನಮ್ಮ ರಾಜ್ಯದ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ಅದ್ರ ಜೊತೇಲೇ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ಸೇರಿದ್ವು, ಅವೆರಡೂ ಕೆರೆಗಳೇ. ಆದ್ರೆ ನಮ್ಮಂಥ ಸಣ್ಣ ಊರಿನ ಕೆರೆಗೆ ಆ ಹೆಸರು ಬರೋ ತನಕ ಕಾಯೋಕೆ ಆಗಲ್ಲ, ಟೆಂಡರ್ ಆಗೋಗಿರುತ್ತೆ. ಊರಿನೋರನ್ನ ಒಪ್ಪಿಸೋದೇ ದಾರಿ.

ಹಕ್ಕಿ ಹೆಸರು ಹೇಳ್ಕೊಂಡು ಹೋದ್ರೆ ಯಾರೂ ಒಪ್ಪಲ್ಲ, ಒಪ್ಪಬೇಕು ಅಂತಾನೂ ಇಲ್ಲ, ಅವ್ರಿಗೆ ಅವ್ರ ಕಷ್ಟ ಇರುತ್ತೆ. ನಮಗೆ ಕೆಲ್ಸಕ್ಕೆ ಬಂದಿದ್ದು ಮಣ್ಣಿನ ಮಾತು. ಹಳ್ಳದ ನೀರು ಕೆರೆಗೆ ಬಂದಾಗ ದಪ್ಪ ಮರಳು, ಗರುಸು ಎಲ್ಲಾ ಹಿನ್ನೀರು ಕಡೇನೇ ಕೂತ್ಬಿಡುತ್ತೆ, ನಯವಾದ ಗೋಡು ಮಾತ್ರ ತೇಲ್ಕೊಂಡು ಬಂದು ಏರಿ ಹತ್ರ ಕೂರೋದು. ಸೊಪ್ಪಿನ ತೋಟಕ್ಕೆ, ಟೊಮ್ಯಾಟೊ ಹೊಲಕ್ಕೆ ಬೇಕಾಗಿರೋದು ಆ ಗೋಡು. ಹಿನ್ನೀರು ಕಡೆ ತೆಗೆದ ಮಣ್ಣು ಹೊಲಕ್ಕೆ ಹೊಡೆದ್ರೆ ಬಾಡಿಗೆ ದುಡ್ಡು ದಂಡ. ಹಾಗಿದ್ರೂ ಕಂಟ್ರಾಕ್ಟರ್‌ಗಳು ಅಲ್ಲೇ ಯಾಕೆ ತೋಡ್ತಾರೆ ಅಂದ್ರೆ ಅದು ಬೇಗ ಒಣಗುತ್ತೆ, ಗಾಡಿ ಹೂತ್ಕೊಳ್ಳಲ್ಲ, ಕ್ಯೂಬಿಕ್ ಮೀಟರ್ ಲೆಕ್ಕ ಬೇಗ ಮುಗಿಯುತ್ತೆ, ಕೆಲವು ಕಡೆ ಆ ಮಣ್ಣು ತೊಳೆದು ಫಿಲ್ಟರ್ ಮರಳು ಮಾಡೋರಿಗೂ ಹೋಗುತ್ತೆ. ಇದನ್ನ ಅಂಗಡೀಲಿ ಎರಡು ಕವರಲ್ಲಿ ಎರಡೂ ಕಡೆ ಮಣ್ಣು ಇಟ್ಟು ತೋರಿಸ್ತಿದ್ದೆ, ಬಂದೋರು ಕೈಯಲ್ಲಿ ಉಜ್ಜಿ ನೋಡಿ ಅವ್ರೇ ಹೇಳ್ತಿದ್ರು, ಅಣ್ಣ ನಮಗೆ ಏರಿ ಕಡೆದೇ ಬೇಕು ಅಂತ.

ಎರಡನೇದು ಇಳಿಜಾರು. ಈ ಮಾತು ಎತ್ತಿದ್ದು ನಾನಲ್ಲ, ಕುರಿ ಮೇಯಿಸೋ ಒಬ್ಬ ತಾತ. ಪಕ್ಕದ ಕೆರೇಲಿ ಗೋಡೆ ತರ ತೋಡಿದ್ದ ಗುಂಡಿಗೆ ಅವ್ರ ಕುರಿ ಬಿದ್ದು ಸತ್ತಿದ್ವು. "ಮಕ್ಳು ಈಜಕ್ ಹೋಗ್ತವೆ, ಒಂದ್ ಹೆಜ್ಜೆ ಇಟ್ರೆ ಮಂಡಿಯುದ್ದ, ಇನ್ನೊಂದ್ ಹೆಜ್ಜೆಗೆ ಆಳುದ್ದ, ಯಾರ್ ನೋಡ್ಕೊಂತಾರೆ" ಅಂದ್ರು. ಗ್ರಾಮಸಭೇಲಿ ಇದನ್ನ ಅವ್ರೇ ನಿಂತು ಹೇಳಿದ್ಮೇಲೆ ಹೆಣ್ಮಕ್ಕಳೆಲ್ಲಾ ಹೌದು ಹೌದು ಅಂದ್ರು, ಬಟ್ಟೆ ಒಗೆಯೋಕೆ, ಹಸು ಇಳಿಸೋಕೆ ಇಳಿಜಾರೇ ಬೇಕಲ್ವಾ. ಹಕ್ಕಿಗೂ ಅದೇ ಬೇಕು.

ಆ ಸಭೆಗೆ ನಾನು ಒಂದು ಬಿಳೀ ಪ್ಲಾಸ್ಟಿಕ್ ಟಬ್, ರಾಗಿ ಜರಡಿ ತಗೊಂಡು ಹೋಗಿದ್ದೆ. ಹಿನ್ನೀರಿನಿಂದ ಒಂದು ಬೊಗಸೆ ಹಸಿ ಕೆಸರು ತಂದು ಎಲ್ಲರೆದುರು ಜರಡೀಲಿ ತೊಳೆದು ಟಬ್ಬಿಗೆ ಹಾಕಿದ್ರೆ ಕೆಂಪು ದಾರದ ತುಂಡಿನ ತರ ಸಣ್ಣ ಹುಳಗಳು ಬಳುಕ್ತಾ ಮೇಲೆ ಬಂದ್ವು, ಬಸವನ ಹುಳದ ಮರಿಗಳು, ಇನ್ನೇನೇನೋ. ಆ ಕೆಂಪು ಹುಳ ಕಚ್ಚದೇ ಇರೋ ಒಂದು ಜಾತಿ ನೊಣದ ಮರಿ, ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್ ಅದಕ್ಕೂ ಇರೋದ್ರಿಂದ ಕೆಂಪು, ಗಾಳಿ ಕಮ್ಮಿ ಇರೋ ಕೆಸರಲ್ಲೂ ಅದ್ರಿಂದಾನೇ ಬದುಕುತ್ತೆ. ಶಾಲೆ ಮಕ್ಳು ಸುತ್ತ ಮುತ್ಕೊಂಡ್ರು. ಪಂಚಾಯಿತಿ ಮೆಂಬರ್ ಒಬ್ರು "ಇಷ್ಟು ಸಣ್ಣ ಹುಳ ತಿನ್ನೋಕೆ ಅಷ್ಟು ದೂರದಿಂದ ಬರ್ತಾವಾ ಸಾರ್" ಅಂತ ಕೇಳಿದ್ರು. ಮೀನಿಗೂ ಇದೇ ಊಟ ಅಂದಾಗ ಮೀನು ಗುತ್ತಿಗೆ ಹಿಡಿದೋನೂ ನಮ್ಮ ಕಡೆ ಆದ.

ಎಸ್ಟಿಮೇಟ್ ಬದಲಾಯಿಸೋದು ಕಷ್ಟದ ಕೆಲ್ಸ ಆಗಿತ್ತು. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ರೆ ಕೆರೆ ಪಂಚಾಯತ್ ರಾಜ್ ಕಡೆ, ಅದಕ್ಕಿಂತ ಜಾಸ್ತಿ ಇದ್ರೆ ಸಣ್ಣ ನೀರಾವರಿ ಇಲಾಖೆ, ಮೊದ್ಲು ಇದು ಯಾರ ಕೆರೆ ಅಂತ ತಿಳ್ಕೊಂಡು ಆಮೇಲೆ ಅರ್ಜಿ ಕೊಡಿ, ಇಲ್ಲಾಂದ್ರೆ ಆಫೀಸಿಂದ ಆಫೀಸಿಗೆ ಅಲೆಸ್ತಾರೆ. ಎಸ್ಟಿಮೇಟಲ್ಲಿ ಅಡ್ಡ ಸೀಳಿಕೆ ನಕ್ಷೆ ಅಂತ ಒಂದು ಹಾಳೆ ಇರುತ್ತೆ, ಎಲ್ಲಿ ಎಷ್ಟು ಆಳ ತೋಡ್ತಾರೆ ಅಂತ ಅದ್ರಲ್ಲೇ ಕಾಣೋದು. ನಾವು ಕೇಳಿದ್ದು ಮೊತ್ತ ಕಮ್ಮಿ ಮಾಡಿ ಅಂತ ಅಲ್ಲ, ಅಷ್ಟೇ ಹೂಳು ಏರಿ ಕಡೆಯಿಂದ ತೆಗೀರಿ, ಏರಿ ಬುಡದಿಂದ ಒಂದಿಷ್ಟು ದೂರ ಬಿಟ್ಟು, ಹಿನ್ನೀರಿನ ಕಾಲು ಭಾಗ ಮುಟ್ಬೇಡಿ, ಮಧ್ಯದಲ್ಲಿ ನಿಧಾನಕ್ಕೆ ಇಳಿಜಾರು ಬಿಡಿ ಅಂತ. ಗ್ರಾಮಸಭೆ ನಡಾವಳೀಲಿ ಬರೆಸಿದ್ರಿಂದ ಇಂಜಿನಿಯರ್‌ಗೂ ಅದನ್ನ ಫೈಲಲ್ಲಿ ತೋರ್ಸೋಕೆ ದಾರಿ ಆಯ್ತು.

ಕೆಲ್ಸ ಶುರುವಾದಾಗ ಸುಣ್ಣದ ಪುಡೀಲಿ ಗೆರೆ ಎಳೆದ್ವಿ, ಅಲ್ಲಲ್ಲಿ ಹೊಂಗೆ ಗೂಟ ಹೊಡೆದ್ವಿ. ಜೆಸಿಬಿ ಡ್ರೈವರ್ ಬೇರೆ ಊರಿನ ಹುಡುಗ, ಅವನಿಗೆ ಮೊದಲನೇ ದಿನಾನೇ ಟೀ ಕುಡಿಸಿ ಗೆರೆ ಯಾಕೆ ಅಂತ ತೋರಿಸ್ದೆ. ಹೂಳು ತೆಗೆಯೋದು ಬೇಸಿಗೇಲಿ, ಅದೇ ಹೊತ್ತಿಗೆ ಟಿಟ್ಟಿಭ, ಸಣ್ಣ ಪ್ಲವರ್ ಎಲ್ಲಾ ಕೆರೆ ಅಂಗಳದಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡ್ತಾವೆ, ಗೂಡು ಅಂತ ಏನೂ ಇರಲ್ಲ, ನಾಲ್ಕು ಮೊಟ್ಟೆ ಚೂಪು ಕಡೆ ಒಳಕ್ಕೆ ಮಾಡಿ ಇಟ್ಟಿರುತ್ತೆ, ಮಣ್ಣಿನ ಬಣ್ಣಾನೇ, ಕಾಲು ಕೆಳಗೆ ಬಂದ್ರೂ ಕಾಣಲ್ಲ. ಬೆಳಿಗ್ಗೆ ಹೊತ್ತು ಹುಡುಗ್ರು ಹೋಗಿ ತಾಯಿ ಹಕ್ಕಿ ಎಲ್ಲಿಂದ ಏಳುತ್ತೆ ಅಂತ ದೂರ ನಿಂತು ನೋಡಿ, ಮೊಟ್ಟೆ ಸುತ್ತ ಸ್ವಲ್ಪ ದೂರದಲ್ಲಿ ಕಲ್ಲು ಇಟ್ಟು ಡ್ರೈವರ್‌ಗೆ ಹೇಳ್ತಿದ್ರು. ಮೊಟ್ಟೆ ಹತ್ರಾನೇ ಕಲ್ಲಿಟ್ರೆ ಕಾಗೆ ನೋಡ್ಕೊಂಡ್ಬಿಡುತ್ತೆ, ಅದಕ್ಕೇ ದೂರ. ಆ ಹುಡುಗ ಆಮೇಲಾಮೇಲೆ ತಾನೇ ಬಕೆಟ್ ಎತ್ತಿ ನಿಲ್ಸಿ ಫೋನ್ ಮಾಡ್ತಿದ್ದ, ಅಣ್ಣ ಇಲ್ಲೊಂದು ಎದ್ದು ಕೂಗ್ತಾ ಐತೆ ಬನ್ನಿ ಅಂತ. ಅಂಚಲ್ಲಿದ್ದ ಕರಿಜಾಲಿ ಮರಗಳನ್ನ ಬೆಳ್ಳಕ್ಕಿ ಗೂಡು ಕಟ್ಟುತ್ತೆ ಅಂತ ಬಿಡಿಸ್ಕೊಂಡ್ವಿ, ಬಳ್ಳಾರಿ ಜಾಲಿ ಮಾತ್ರ ಬುಡ ಸಮೇತ ತೆಗೆಸಿದ್ವಿ, ಅದನ್ನ ಹಾಗೇ ಬಿಟ್ರೆ ಹಿನ್ನೀರನ್ನ ಮುಚ್ಚೇ ಬಿಡುತ್ತೆ.

ಹರಿದ ನೈಲಾನ್ ಬಲೆ ದಡದಲ್ಲಿ ಬಿಟ್ಟು ಹೋಗ್ಬಾರ್ದು, ಹಕ್ಕಿ ಓಡ್ಸೋಕೆ ಪಟಾಕಿ ಹೊಡೀಬಾರ್ದು ಅಂತ ಮೀನಿನ ಗುತ್ತಿಗೆ ಕರಾರಲ್ಲೇ ಸೇರಿಸಿದ್ವಿ. ಬಲೆ ವಿಷ್ಯ ಇನ್ನೂ ಪೂರ್ತಿ ಸರಿಹೋಗಿಲ್ಲ, ಈಗ್ಲೂ ಆಗಾಗ ಆರಿಸ್ಬೇಕು.

ಕೋಲಾರದ ಕಡೆ ಇನ್ನೊಂದು ತರ ಇದೆ. 2018ರ ಜೂನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದಿದ್ದು ಎಲ್ಲರಿಗೂ ಗೊತ್ತು, ಬೆಂಗಳೂರಿನ ಕೊಳಚೆ ಶುದ್ಧ ಮಾಡಿದ ನೀರು, ಆಮೇಲೆ ಎಷ್ಟೋ ಕೆರೆ ತುಂಬಿದ್ವು. ಆ ನೀರನ್ನ ಮೂರನೇ ಹಂತಕ್ಕೂ ಶುದ್ಧ ಮಾಡಿ ಅಂತ ಜನ ಕೇಳ್ತಿರೋದು ನ್ಯಾಯವಾಗಿದೆ, ನಾನೂ ಅದನ್ನೇ ಹೇಳ್ತೀನಿ. ಹಕ್ಕಿ ಕಡೆಯಿಂದ ನೋಡಿದ್ರೆ ವರ್ಷ ಪೂರ್ತಿ ಒಂದೇ ಮಟ್ಟದಲ್ಲಿ ತುಂಬಿರೋ ಕೆರೇಲಿ ಹೆಜ್ಜಾರ್ಲೆ, ನೀರುಕಾಗೆ, ಗುಳುಮುಳುಕ ಜಾಸ್ತಿ ಆಗ್ತಾವೆ, ಕೆಸರಂಚಿನ ಹಕ್ಕಿ ಕಮ್ಮಿ ಆಗ್ತಾವೆ. ಅಂಥ ಕೆರೆ ಪಕ್ಕದಲ್ಲಿ ಮಳೆ ನೀರಲ್ಲೇ ತುಂಬಿ ಒಣಗೋ ಸಣ್ಣ ಕುಂಟೆ, ಕೆರೆ ಇದ್ರೆ ಅದನ್ನ ಹಾಗೇ ಉಳಿಸ್ಕೊಳ್ಳೋದು ಇನ್ನೂ ಮುಖ್ಯ.

ನಮ್ಮಲ್ಲಿ ಕೆಲ್ಸ ಆದ್ಮೇಲೆ ಏರಿ ಕಡೆ ನೀರು ಮೊದಲಿಗಿಂತ ಜಾಸ್ತಿ ದಿನ ನಿಲ್ತಿದೆ, ಹಿನ್ನೀರು ಕಡೆ ಡಿಸೆಂಬರ್ ಹೊತ್ತಿಗೆ ಕೆಸರು ಬರ್ತಿದೆ, ಸ್ಟಿಂಟು, ಮೆಟ್ಟುಗಾಲು ಹಕ್ಕಿ ಬಿಡದೆ ಬರ್ತಿದಾವೆ. ಪ್ರತಿ ಜನವರೀಲಿ ಶಾಲೆ ಮಕ್ಕಳ ಜೊತೆ ಹಕ್ಕಿ ಎಣಿಸ್ತೀವಿ, 1987ರಿಂದ ನಡೀತಿರೋ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಟೈಮಿಗೇ. ನೋಡಿದ ಹಕ್ಕಿ ಲೆಕ್ಕ ಬರೆದಿಡೋ ಇ-ಬರ್ಡ್ ಆ್ಯಪಲ್ಲಿ ಹಾಕೋದಲ್ದೆ ಒಂದು ಪ್ರಿಂಟ್ ತೆಗೆದು ಪಂಚಾಯಿತೀಲಿ ಕೊಟ್ಟು ಸೀಲ್ ಹಾಕಿಸ್ಕೋತೀವಿ. ಹಿನ್ನೀರು ಸುತ್ತ ವಾಕಿಂಗ್ ಪಾತ್ ಮಾಡೋ ಪ್ಲಾನ್ ಬಂದಾಗ ಆ ಸೀಲ್ ಇರೋ ಹಾಳೆಗಳೇ ಮೇಜಿನ ಮೇಲಿದ್ದಿದ್ದು, ಪಾತನ್ನ ಏರಿ ಮೇಲಕ್ಕೆ ಹಾಕ್ಸಿದ್ವಿ.

ಈಗ ಪಕ್ಕದ ಊರಿನೋರು ಅವ್ರ ಕೆರೆಗೆ ಎಸ್ಟಿಮೇಟ್ ಹಾಕಿಸ್ತಿದಾರೆ, ಸುಣ್ಣದ ಗೆರೆ ಎಲ್ಲಿ ಹಾಕ್ಬೇಕು ಅಂತ ನೋಡೋಕೆ ಕರ್ದಿದಾರೆ. ನೀರು ಇರುವಾಗ್ಲೇ ಹೋಗಿ ಜನವರೀಲಿ, ಫೆಬ್ರವರೀಲಿ ಅಂಚು ಎಲ್ಲೆಲ್ಲಿಗೆ ಬರುತ್ತೆ, ಹಕ್ಕಿ ಎಲ್ಲಿ ಮೇಯುತ್ತೆ ಅಂತ ಗೂಟ ಹೊಡ್ಕೊಂಡು, ಫೋನಲ್ಲಿ ಲೊಕೇಶನ್ ಹಾಕ್ಕೊಂಡು ಬರ್ಬೇಕು. ಕೆರೆ ಪೂರ್ತಿ ಒಣಗಿದ್ಮೇಲೆ ಹೋದ್ರೆ ಎಲ್ಲಾ ಒಂದೇ ತರ ಬಿರುಕು ನೆಲ ಕಾಣುತ್ತೆ, ಇಂಜಿನಿಯರ್‌ಗೆ ಏನು ತೋರ್ಸೋಕೂ ಆಗಲ್ಲ.