ಗುಳೆ ಹೋಗುವ ಮನೆಯ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳೋದು ಹೇಗೆ?

ಯಾದಗಿರಿ ಕಡೆ ದೀಪಾವಳಿ ಮುಗಿದರೆ ಗುಳೆಯ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋಗುವ, ಮಾತು ಶುರು. ಎರಡು ದಿನ ಮಗು ಕಾಣದಿದ್ದರೆ ನಾನು ಮನೆಗೇ ಹೋಗುತ್ತೇನೆ. ಸಂಜೆ ಏಳರ ಮೇಲೆ ಹೋಗಿ, ಕೂಲಿಯವರು ಆಗಲೇ ಸಿಗೋದು. "ಯಾಕೆ ಕಳಿಸಿಲ್ಲ?" ಅಂತ ಜಬರಿಸಬೇಡಿ. ಕೊಟ್ಟ ಚಹಾ ಕುಡಿದು, ಯಾವಾಗ ಹೊರಡ್ತೀರಿ ಅಂತ ಕೇಳಿ. ಅಜ್ಜಿ ಊರಲ್ಲೇ ಉಳಿದರೆ ಅರ್ಧ ಕೆಲಸ ಆಯಿತು: ಮಧ್ಯಾಹ್ನ ಶಾಲೆಯ ಬಿಸಿಯೂಟ, ರಾತ್ರಿ ಅಜ್ಜಿಯ ರೊಟ್ಟಿ. ಯಾರೂ ಇಲ್ಲವಾದರೆ ಗುಳೆ ಮಕ್ಕಳ ಹಾಸ್ಟೆಲ್ ಇದೆಯಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಮಗು ಹೋಗಲೇಬೇಕಾದರೆ ಇದನ್ನು ಬಿಡಿಸಿ ಹೇಳಿ: ಎಂಟನೇ ತರಗತಿವರೆಗೆ ಟಿಸಿ ತಡವಾಯಿತು ಅಂತ ಸರಕಾರಿ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನನ್ನ ಫೋನ್ ನಂಬರನ್ನೂ ನೋಟ್‌ಬುಕ್ಕಿನ ಹಿಂದೆ ಬರೆದು ಕಳಿಸುತ್ತೇನೆ. ಹೋದ ವರ್ಷ ಪುಣೆಯಿಂದ ಒಬ್ಬಳು ಫೋನಲ್ಲೇ ಏಳರ ಮಗ್ಗಿ ಒಪ್ಪಿಸಿದಳು. ಎರಡೇ ತಪ್ಪು.