ಜೀವನಾಂಶದ ಅರ್ಜಿ: ಬೇಸಾಯಗಾರ ಗಂಡನ ಆದಾಯವನ್ನು ಕೋರ್ಟಿಗೆ ತೋರಿಸುವ ಬಗೆ

‘ನನಗೆ ಸ್ವಂತ ಆದಾಯವೇ ಇಲ್ಲ, ಅಪ್ಪನ ಜಮೀನಿನಲ್ಲಿ ಕೂಲಿ ಮಾಡಿಕೊಂಡಿದ್ದೇನೆ.’ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಜೀವನಾಂಶದ ಕೇಸುಗಳಲ್ಲಿ ಎದುರುದಾರರ, ಅಂದರೆ ಗಂಡನ ಕಡೆಯವರ, ಆಕ್ಷೇಪಣೆಯಲ್ಲಿ ಈ ಸಾಲು ಮತ್ತೆ ಮತ್ತೆ ಕಾಣುತ್ತದೆ. ಇದನ್ನು ಕಾಗದಪತ್ರ ಇಟ್ಟು ಅಲ್ಲಗಳೆಯದಿದ್ದರೆ ಸಿಗುವ ಮೊತ್ತ ತೀರಾ ಸಣ್ಣದಾಗುತ್ತದೆ. ಹಾಗಾಗಿ ವಕೀಲರನ್ನು ಕಾಣುವ ಮೊದಲೇ ದಾಖಲೆ ಕೂಡಿಸಲು ಶುರುಮಾಡಿ.

2024ರ ಜುಲೈ 1ರಿಂದ ಜೀವನಾಂಶ ಕೊಡಿಸುತ್ತಿದ್ದ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಮಿನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ನಂಬರು ಬದಲಾಗಿದೆ, ಹಕ್ಕು ಬದಲಾಗಿಲ್ಲ. ಹೆಂಡತಿ, ವಿಚ್ಛೇದನವಾಗಿ ಮರುಮದುವೆಯಾಗದ ಮಹಿಳೆ, ಅಪ್ರಾಪ್ತ ಮಕ್ಕಳು, ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆತಾಯಿ ಇದರಡಿ ಅರ್ಜಿ ಹಾಕಬಹುದು. ಮದುವೆ ಮಾಲೂರಿನಲ್ಲಿ ಆಗಿ, ಸಂಸಾರ ಬೆಂಗಳೂರಿನಲ್ಲಿ ನಡೆದು, ಈಗ ನೀವು ಚಿಂತಾಮಣಿಯ ತವರಿನಲ್ಲಿದ್ದರೆ ಚಿಂತಾಮಣಿ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ಆದರೆ ಆಧಾರ್‌ನಲ್ಲಿ ಗಂಡನ ಮನೆಯ ವಿಳಾಸವೇ ಉಳಿದಿದ್ದರೆ ವ್ಯಾಪ್ತಿಯ ತಕರಾರು ಬರುತ್ತದೆ. ಮಕ್ಕಳ ಶಾಲೆಯ ಪತ್ರ ಅಥವಾ ಬಾಡಿಗೆ ಕರಾರು ಜೊತೆಗಿರಲಿ.

ವಕೀಲರ ಶುಲ್ಕದ ಚಿಂತೆಗೆ ನಿಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೋ ತಾಲ್ಲೂಕು ಸಮಿತಿಯಲ್ಲೋ ಕೇಳಿ. ಸಹಾಯವಾಣಿ 15100.

ಮದುವೆ ಆಗಿದೆ ಎಂದು ತೋರಿಸಲು ಲಗ್ನಪತ್ರಿಕೆ, ಫೋಟೊ, ಪಡಿತರ ಚೀಟಿ, ಮಕ್ಕಳ ಜನನ ಪ್ರಮಾಣಪತ್ರ ಸಾಕಾಗುತ್ತವೆ. ನಿಜವಾದ ಕೆಲಸ ಆದಾಯದ್ದು.

ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದು ಹೇಳಿತು. ಅದರಲ್ಲಿ ಬೇಸಾಯಗಾರರಿಗೆ ಬೇರೆಯೇ ನಮೂನೆ ಇದೆ, ಎರಡನೇ ಅನುಬಂಧ. ಜಮೀನಿನ ವಿಸ್ತೀರ್ಣ, ತರಿಯೋ (ನೀರಾವರಿ) ಖುಷ್ಕಿಯೋ (ಒಣಭೂಮಿ), ಯಾವ ಬೆಳೆ, ಹಿಂದಿನ 3 ವರ್ಷಗಳ ಆದಾಯ, ಹಸು ಕುರಿಗಳ ಸಂಖ್ಯೆ, ಸಾಲ ಎಲ್ಲ ಬರೆಯಬೇಕು. ಸಂಬಳದಾರರ ನಮೂನೆಯನ್ನೇ ರೈತನಿಗೂ ತುಂಬಿಸಿದರೆ ‘ವೇತನ: ಇಲ್ಲ’ ಎಂದು ಬರೆದು ನುಣುಚಿಕೊಳ್ಳುವುದು ಸುಲಭ. ಎದುರುದಾರರು ಯಾವ ನಮೂನೆ ಕೊಟ್ಟಿದ್ದಾರೆಂದು ಮೊದಲು ನೋಡಿ.

ನೀವು ಕೈಯಾರೆ ಪಡೆಯಬಹುದಾದ ಮೊದಲ ದಾಖಲೆ ಪಹಣಿ, ಅಂದರೆ ಜಮೀನಿನ ಒಡೆತನ, ಬೆಳೆಯ ವಿವರವಿರುವ ಕಂದಾಯ ದಾಖಲೆ. ಸರ್ವೆ ನಂಬರ್ ಗೊತ್ತಿದ್ದರೆ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲೇ ಸಿಗುತ್ತದೆ. ಅಲ್ಲಿ ಮಾವನ ಹೆಸರೋ, ತೀರಿಹೋದ ಅಜ್ಜನ ಹೆಸರೋ ಇದ್ದರೆ ಎದೆಗುಂದಬೇಡಿ. ಫವತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸದೆ ಬಿಟ್ಟ ಜಮೀನು ನಮ್ಮ ಕಡೆ ಬೇಕಾದಷ್ಟಿದೆ. ಪಹಣಿಯ ಜೊತೆಗೆ ವಂಶವೃಕ್ಷ ಇಟ್ಟು, ಅದು ಪಿತ್ರಾರ್ಜಿತ, ಗಂಡನಿಗೂ ಭಾಗವಿದೆ ಎಂದು ಅರ್ಜಿಯಲ್ಲಿ ಬರೆಸಿ. ಬೆಳೆಯ ಕಲಂ ನೋಡಿ. ಕಾಗದದಲ್ಲಿ ರಾಗಿ ಇದ್ದು ಹೊಲದಲ್ಲಿ ಹಿಪ್ಪುನೇರಳೆಯೋ ಟೊಮೆಟೊವೋ ಇದ್ದರೆ ಫೋಟೊ ತೆಗೆಸಿಡಿ.

ಎರಡನೆಯದು ಹಾಲಿನ ಡೇರಿಯ ಪಾಸ್‌ಬುಕ್. ಇಷ್ಟು ಗಟ್ಟಿ ಸಾಕ್ಷಿ ಇನ್ನೊಂದು ಸಿಗುವುದು ಕಷ್ಟ: ಬೆಳಿಗ್ಗೆ, ಸಂಜೆ, ಲೀಟರು, ಹಣ ಎಲ್ಲ ಬರೆದಿರುತ್ತದೆ. ಮೂರನೆಯದು ಮಾರಾಟ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ್ದರೆ, ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕಿದ್ದರೆ ಮಂಡಿ ಚೀಟಿಯಲ್ಲೋ ಬ್ಯಾಂಕ್ ಖಾತೆಯಲ್ಲೋ ಗುರುತು ಉಳಿದಿರುತ್ತದೆ. ಗಂಡನ ಖಾತೆಯ ವಿವರವನ್ನು ಬ್ಯಾಂಕು ನಿಮಗೆ ಕೊಡುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ದಾಖಲೆ ತರಿಸಿಕೊಡಿ ಎಂದು ಕೋರ್ಟನ್ನೇ ಕೇಳಬೇಕು. ಸುಮ್ಮನೆ ‘ಎಲ್ಲ ದಾಖಲೆ’ ಎಂದರೆ ಅರ್ಜಿ ನಿಲ್ಲುವುದಿಲ್ಲ. ಬ್ಯಾಂಕಿನ ಶಾಖೆ, ಡೇರಿಯ ಹೆಸರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದು ಬೇಕು.

ನಿಮ್ಮ ಖರ್ಚನ್ನೂ ಅಷ್ಟೇ ಬಿಡಿಸಿ ಬರೆಯಿರಿ. ಶಾಲೆಯ ಶುಲ್ಕ ವರ್ಷಕ್ಕೆ 18,000 ಆದರೆ ತಿಂಗಳಿಗೆ 1,500. ಬಾಡಿಗೆ, ದಿನಸಿ, ಗ್ಯಾಸು, ಬಸ್ಸು, ಔಷಧ ಬೇರೆ ಬೇರೆ ಸಾಲು. ಟೈಲರಿಂಗ್‌ನಿಂದಲೋ ಗಾರ್ಮೆಂಟ್ಸ್‌ನಿಂದಲೋ ಬರುವುದನ್ನು ಮುಚ್ಚಿಡಬೇಡಿ. ಎದುರು ವಕೀಲರ ಪಾಟಿ ಸವಾಲಿನಲ್ಲಿ ಹೊರಬಿದ್ದರೆ ಮಿಕ್ಕ ನಿಜಕ್ಕೂ ಬೆಲೆ ಹೋಗುತ್ತದೆ. ಹಾಗೆಂದು, ದುಡಿಯಬಲ್ಲಳು ಎಂಬುದೊಂದೇ ಕಾರಣಕ್ಕೆ ಜೀವನಾಂಶ ಇಲ್ಲವಾಗುವುದಿಲ್ಲ. ‘ಸಂಬಳದ ಶೇ. 25 ಗ್ಯಾರಂಟಿ’ ಎಂಬ ಮಾತನ್ನೂ ನಂಬಬೇಡಿ. ಅದು 2017ರ ಒಂದು ತೀರ್ಪಿನಲ್ಲಿ ಬಂದ ಅಳತೆ, ಎಲ್ಲರಿಗೂ ಅನ್ವಯಿಸುವ ಲೆಕ್ಕವಲ್ಲ.

ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶದ (ಕೇಸು ಮುಗಿಯುವವರೆಗೆ ಸಿಗುವ ಹಣ) ಅರ್ಜಿಯೂ ಹೋಗಲಿ. ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟೂ ಅದನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಜಾರಿಯೇ ಆಗದಿದ್ದರೆ ಆ ಎಣಿಕೆ ಶುರುವಾಗುವುದೇ ಇಲ್ಲ! ಗಂಡ ನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರೆ ಊರಿನ ವಿಳಾಸದ ಜೊತೆ ಕಾರ್ಖಾನೆಯ ವಿಳಾಸ, ವಿಭಾಗ, ಮೊಬೈಲ್ ನಂಬರ್ ಕೊಡಿ. ‘ಮನೆಗೆ ಬೀಗ’ ಎಂದು ಮೂರು ಸಲ ನೋಟಿಸ್ ವಾಪಸಾದರೆ ಅರ್ಧ ವರ್ಷ ಹೋಗಿರುತ್ತದೆ.

ಊರ ಹಿರಿಯರ ಮುಂದೆ ‘ಪರಸ್ಪರ ಒಪ್ಪಿ ಬೇರೆಯಾಗಿದ್ದೇವೆ’ ಎಂದು ಛಾಪಾ ಕಾಗದಕ್ಕೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ. ಹಿಂದೂಗಳಲ್ಲಿ ಅಂಥ ಪತ್ರದಿಂದ ವಿಚ್ಛೇದನವಂತೂ ಆಗುವುದಿಲ್ಲ. ಆದರೆ ಒಪ್ಪಿ ಬೇರೆಯಿರುವ ಹೆಂಡತಿಗೆ 144ರಡಿ ಜೀವನಾಂಶವಿಲ್ಲ ಎಂಬ ಉಪಕಲಮನ್ನು ಮುಂದಿಟ್ಟು ಎದುರುದಾರರು ಅದೇ ಕಾಗದ ತೋರಿಸುತ್ತಾರೆ.

ಆದೇಶ ಬಂದ ಮೇಲೂ ಹಣ ತಾನಾಗಿ ಬರುವುದಿಲ್ಲ. ಬಾಕಿ ವಸೂಲಿಗೆ ವಾರಂಟ್ ಬೇಕೆಂದರೆ, ಆ ಕಂತು ಸಲ್ಲಬೇಕಾದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. ‘ಕೊಡ್ತಾನೆ ಬಿಡಿ’ ಎಂಬ ಬಂಧುಗಳ ಮಾತು ಕೇಳಿ ಎರಡು ವರ್ಷ ಕಾದವರಿಗೆ ಮೊದಲ ವರ್ಷದ ಕಂತುಗಳಿಗೆ ವಾರಂಟ್ ಸಿಗದೆ ಹೋಗುತ್ತದೆ. ಒಂದೊಂದು ತಿಂಗಳ ಬಾಕಿಗೆ 1 ತಿಂಗಳವರೆಗೆ ಜೈಲು ಆಗಬಹುದು, ಜೈಲಿಗೆ ಹೋಗಿಬಂದರೂ ಸಾಲ ತೀರುವುದಿಲ್ಲ. ನಗದಾಗಿ ಕೊಡಲು ಬಂದರೆ ಬೇಡವೆನ್ನಿ, ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಪ್ರತಿ ತಿಂಗಳು ಬಂದದ್ದು, ಬಾರದ್ದು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇರಲಿ. ಬಾಕಿಯ ಅರ್ಜಿಗೆ ಲಗತ್ತಿಸುವ ಲೆಕ್ಕದ ಪಟ್ಟಿ ಅದರಿಂದಲೇ ತಯಾರಾಗುತ್ತದೆ.