ಬಿಸಿಲು ತಾಕಿಸದೆ ಮಾಡಿದ ನುಗ್ಗೆಸೊಪ್ಪಿನ ಪುಡಿ

ಡ್ರೈಯರ್ ಮೆಷಿನ್ ಇಲ್ಲದೆ ನುಗ್ಗೆಸೊಪ್ಪಿನ ಪುಡಿ ಹಸಿರಾಗಿ ಉಳಿಯಲ್ಲ ಅಂತ ಊರಲ್ಲಿ ಎಲ್ಲರೂ ಹೇಳಿದ್ದರು. ನನ್ನ ಪುಡಿ ಆರು ತಿಂಗಳಾದರೂ ಹಸಿರಾಗೇ ಇದೆ.

ಮೊದಲ ಸಲ ತಾರಸಿ ಮೇಲೆ ಬಿಸಿಲಿಗೆ ಹರಡಿದೆ. ಎರಡೇ ದಿನಕ್ಕೆ ಗರಿಗರಿ ಒಣಗಿತು. ಪುಡಿ ಮಾಡಿದರೆ ಒಣಹುಲ್ಲಿನ ಬಣ್ಣ, ಒಣಹುಲ್ಲಿನದೇ ವಾಸನೆ. ಬೆಂಗಳೂರಿನ ಅಂಗಡಿಯೊಂದಕ್ಕೆ ಕಳಿಸಿದ್ದ ಹನ್ನೆರಡು ಕೆಜಿಯೂ ವಾಪಸ್ ಬಂತು. ಕೂಲಿ, ಬಸ್ಸಿನ ಲಗೇಜು ಸೇರಿ ಸುಮಾರು 6,000 ರೂಪಾಯಿ ಹೋಯಿತು. ಕಣ್ಣಿಗೆ ಒಳ್ಳೇದು ಅಂತ ಜನ ಈ ಸೊಪ್ಪು ಹುಡುಕುತ್ತಾರೆ. ಮೈಯಲ್ಲಿ ವಿಟಮಿನ್ ಎ ಆಗುವ ಅದರ ಕ್ಯಾರೋಟಿನ್ನೇ ಬಿಸಿಲಿಗೆ ಹಾಳಾದರೆ ಮಾರುವುದಾದರೂ ಏನನ್ನು?

ಮಳೆಗಾಲದಲ್ಲಿ ನೆರಳಲ್ಲೇ ಹಾಕಿದೆ, ಆದರೆ ದಪ್ಪಗೆ. ಮೂರನೇ ದಿನಕ್ಕೆ ಬೂಷ್ಟು. ಎಲ್ಲಾ ತಿಪ್ಪೆಗೆ.

ಆಮೇಲೆ ಕಣ್ಣಿಗೆ ಬಿದ್ದದ್ದು ನಮ್ಮ ಹಳೆ ಹುಳುಮನೆ. ರೇಷ್ಮೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಒಳಗೆ ಕತ್ತಲು, ಎರಡೂ ಕಡೆ ಗಾಳಿ, ಸ್ಟ್ಯಾಂಡುಗಳು ಹಾಗೇ ಇದ್ದವು. ಚೆನ್ನಾಗಿ ತೊಳೆದು, ಸುಣ್ಣ ಹೊಡೆಸಿ, ಹೊಸ ನೈಲಾನ್ ಬಲೆ ಕಟ್ಟಿದೆ. ಸುಮಾರು 3,500 ಖರ್ಚು. ಬಿಸಿಲೇರುವ ಮೊದಲೇ ಸೊಪ್ಪು ಕೊಯ್ದು, ಎರಡು ನೀರಲ್ಲಿ ತೊಳೆದು, ಬಟ್ಟೆ ಚೀಲಕ್ಕೆ ತುಂಬಿ ಹಳೆ ವಾಷಿಂಗ್ ಮೆಷಿನ್ನಿನಲ್ಲಿ ನೀರು ಹಿಂಡಿಸುತ್ತೇನೆ. ಇದಕ್ಕೇ ಒಂದು ದಿನ ಉಳಿಯುತ್ತೆ. ಹರಡುವಾಗ ಬಲೆಯ ಕಣ್ಣು ಕಾಣುವಷ್ಟು ತೆಳುವಾಗಿರಬೇಕು. ಫೆಬ್ರವರಿಯಲ್ಲಿ ನಾಲ್ಕು ದಿನ ಸಾಕು. ಕೊನೇ ಸಂಜೆ ಗರಿಗರಿಯಾಗಲು ಇನ್ನೊಂದು ಕೆಲಸ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಬಿಡಿಸಿದ ಸೊಪ್ಪು ಹತ್ತು ಕೆಜಿಗೆ ಪುಡಿ ಎರಡು ಕೆಜಿಗೆ ಸ್ವಲ್ಪ ಕಮ್ಮಿ.

ಅದೇ ಬಲೆ ಮೇಲೆ ನೇರಳೆ ಹಣ್ಣೂ ಒಣಗಿಸಲು ನೋಡಿದೆ. ಅಂಟಿಕೊಂಡು ಬಲೆಯೇ ಹಾಳಾಯಿತು. ಹೊನಗೊನ್ನೆ ಸೊಪ್ಪು ಚೆನ್ನಾಗಿ ಒಣಗಿತು, ಆದರೆ ಅದನ್ನು ಬಲ್ಲವರು ಹಸಿಯಾಗೇ ಕೇಳುತ್ತಾರೆ.

ಬರೀ ಪುಡಿ ಕೆಜಿಗೆ 400ರ ಆಸುಪಾಸು. ನಿಜವಾದ ದುಡ್ಡು ಬಂದದ್ದು ಹುಚ್ಚೆಳ್ಳು, ಕೊಬ್ಬರಿ ಸೇರಿಸಿ ಚಟ್ನಿಪುಡಿ ಮಾಡಿದ ಮೇಲೆ. ರುಚಿಗೆ ಮಾತ್ರ ಅಲ್ಲ, ಎಣ್ಣೆ ಅಂಶ ಜೊತೆಗಿದ್ದರೇನೇ ಕ್ಯಾರೋಟಿನ್ ಮೈಗೆ ಚೆನ್ನಾಗಿ ಹತ್ತುವುದು. ಕಾಲು ಕೆಜಿ ಪೊಟ್ಟಣ 120ಕ್ಕೆ ಕೊಡುತ್ತೇನೆ. ಹೋದ ವರ್ಷ ನಾನೂರು ಪೊಟ್ಟಣದ ಮೇಲೇ ಹೋಯಿತು.

ಕಣ್ಣಿನ ಪೊರೆ ಹೋಗುತ್ತಾ ಅಂತ ಕೇಳಿಕೊಂಡು ಬರುವ ಹಿರಿಯರಿಗೆ ಮಾತ್ರ ನಾನು ಪೊಟ್ಟಣ ಕೊಡುವುದಿಲ್ಲ. ಮೊದಲು ಆಸ್ಪತ್ರೆಗೆ ಹೋಗಿ ತೋರಿಸಿ ಅನ್ನುತ್ತೇನೆ.

ಈ ಸಲ ಪಿಕೆಎಂ ಅನ್ನೋ ನುಗ್ಗೆ ತಳಿಯ ಪಕ್ಕದಲ್ಲೇ ಬಾಗಲಕೋಟೆಯ ಭಾಗ್ಯ ತಳಿ ಹಾಕಿದ್ದೇನೆ, ಸೊಪ್ಪಿಗೆ ಅಂತಲೇ ಒತ್ತಾಗಿ. ಮೊದಲ ಕೊಯ್ಲು ಇನ್ನೂ ಆಗಬೇಕು.